ಹಸಿರು ಕಾರಿನ ರೆಪ್ಪೆಗಳು

ಸಮೇತನಹಳ್ಳಿ ಕಡೆಯ ಒಂದು ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರದ ರಬ್ಬರ್ ಕೊಳವೆ ಬದಲಾಯಿಸುತ್ತಾ ಕೂತಿದ್ದೆ. ಹಸುಗಳ ಯಜಮಾನ ಪಕ್ಕದಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ಕೇಳಿದ:

"ಅಕ್ಕಾ, ನೀವು ಕಾರು ರಿಪೇರಿ ಮಾಡ್ತೀರಾ?"

"ಇಲ್ಲಪ್ಪ. ನಂದೇನಿದ್ರೂ ಹಸು, ಎಮ್ಮೆ."

"ಇದೂ ಒಂಥರಾ ಹಸುವಿನ ಲೆಕ್ಕದ್ದೇ ಕಣಕ್ಕಾ. ಹೊಸಕೋಟೆ ಪೇಟೇಲಿ ಒಬ್ರು ಸಾಹೇಬ್ರು ಒಂದು ಹಳೇ ಸ್ಪೋರ್ಟ್ಸ್ ಕಾರು ಇಟ್ಕೊಂಡವ್ರೆ. ಅದರ ಹೆಡ್‌ಲೈಟು ಬಾನೆಟ್ ಒಳಗೆ ಮಲಗಿರತ್ತಂತೆ. ಬೇಕು ಅಂದಾಗ ಎದ್ದು ನಿಲ್ಬೇಕು. ಈಗ ಏಳ್ತಿಲ್ಲ. ಅದು ಕರೆಂಟಲ್ಲಿ ಏಳೋದಲ್ವಂತೆ, ವ್ಯಾಕ್ಯೂಮಲ್ಲಿ ಏಳೋದಂತೆ. ಯಾವ ಗ್ಯಾರೇಜ್‌ನೋನಿಗೂ ತಿಳೀತಿಲ್ಲ. ನಿಮ್ ಹತ್ರ ವ್ಯಾಕ್ಯೂಮ್ ಅಳೆಯೋ ಮೀಟ್ರು ಇದೆಯಲ್ಲ ಅಂತ ಕೇಳ್ದೆ."

ನಾನು ನಕ್ಕುಬಿಟ್ಟೆ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ನನ್ನ ಇಡೀ ದುಡಿಮೆಯನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ನಾನು ಸೋರಿಕೆ ಹುಡುಕುವವಳು. ಮೊದಲ ಒಂಬತ್ತು ವರ್ಷ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿದ್ದೆ. ಅಲ್ಯೂಮಿನಿಯಂ ಡಬ್ಬಿಗಳಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸುವುದು, ಎಲ್ಲಾದರೂ ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಮಿಟುಕಿಸದೆ ನೋಡುವುದು. ಅಷ್ಟೇ ಕೆಲಸ. ಆ ಕೆಲಸಕ್ಕೂ ಒಂದು ಯಂತ್ರ ಬಂದ ಮೇಲೆ ನಾನು ಹಾಲು ಕರೆಯುವ ಯಂತ್ರಗಳ ರಿಪೇರಿ ಕಲಿತೆ. ಈಗ ಓಮ್ನಿ ವ್ಯಾನಿನಲ್ಲಿ ಸಾಮಾನು ಹಾಕಿಕೊಂಡು ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರದ ಕೊಟ್ಟಿಗೆಗಳನ್ನು ಸುತ್ತುತ್ತೇನೆ. ಆ ಯಂತ್ರದ ತತ್ವ ಬಹಳ ಸರಳ. ಪಂಪು ಕೊಳವೆಯೊಳಗಿನ ಗಾಳಿಯನ್ನು ಎಳೆದು ಹೊರಗೆ ಹಾಕುತ್ತದೆ. ಖಾಲಿಯಾದ ಆ ಜಾಗಕ್ಕೆ ಹಾಲು ಇಳಿದು ಬರುತ್ತದೆ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಹೊರಗಿನ ಗಾಳಿ ನುಗ್ಗಿ ಆ ಖಾಲಿ ಕೆಟ್ಟುಹೋಗುತ್ತದೆ. ನಾನು ಆ ಬಿರುಕನ್ನು ಹುಡುಕಿ ಮುಚ್ಚುತ್ತೇನೆ. ಹದಿನಾಲ್ಕು ವರ್ಷದಿಂದ ಈ ರಿಪೇರಿ ಮಾಡುತ್ತಿದ್ದರೂ ಅದರಲ್ಲಿ ಬೆರಗುಪಡುವಂಥದ್ದು ಏನಾದರೂ ಇದೆಯೆಂದು ಒಮ್ಮೆಯೂ ಅನಿಸಿರಲಿಲ್ಲ.

ಮುಂದಿನ ವಾರ ಸಾಹೇಬರ ಮನೆ ಹುಡುಕಿಕೊಂಡು ಹೋದೆ. ಪೇಟೆಯೊಳಗಿನ ಕಿರಿದಾದ ಬೀದಿ. ಮನೆಯ ಪಕ್ಕದಲ್ಲಿ ಶೀಟು ಹೊದಿಸಿದ ಶೆಡ್ಡು. ಎಪ್ಪತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ, ತಲೆಗೆ ಬಿಳಿ ಟೋಪಿ, ಬಲಗೈ ಹೆಬ್ಬೆರಳಿನ ತುದಿ ಇರಲಿಲ್ಲ. ನಾನು ಅದನ್ನೇ ನೋಡಿದ್ದು ಅವರಿಗೆ ಗೊತ್ತಾಯಿತು.

"ಲೇತ್ ತಗೊಂಡ್ತು," ಎಂದರು. "ನಲವತ್ತು ವರ್ಷ ಅದರ ಮುಂದೆ ನಿಂತಿದ್ದೆ. ಅಷ್ಟಾದ್ರೂ ತಗೊಳ್ಳದಿದ್ರೆ ಹೆಂಗೆ?"

ಕಾರಿನ ಮೇಲಿದ್ದ ಬಟ್ಟೆ ಸರಿಸಿದರು. ನಾನು ಅಂಥ ಕಾರನ್ನು ಹತ್ತಿರದಿಂದ ನೋಡಿದವಳಲ್ಲ. ನನ್ನ ಸೊಂಟದ ಎತ್ತರಕ್ಕೂ ಬರುತ್ತಿರಲಿಲ್ಲ. ಎರಡೇ ಸೀಟು. ವೀಳ್ಯದೆಲೆಯ ಹಸಿರು. ಮುಂಭಾಗ ಹೊಳೆಯ ಕಲ್ಲಿನಂತೆ ನುಣ್ಣಗೆ ಇಳಿದಿತ್ತು, ದೀಪವೇ ಇಲ್ಲವೇನೋ ಎನ್ನುವ ಹಾಗೆ. ಬಗ್ಗಿ ನೋಡಿದರೆ ಎರಡು ಮುಚ್ಚಳಗಳ ಸಣ್ಣ ಗೆರೆ ಕಾಣುತ್ತಿತ್ತು, ಮಲಗಿದ ಮಗುವಿನ ಮುಚ್ಚಿದ ಕಣ್ಣಿನಂತೆ.

ಆ ಕಾರು ಸಿಕ್ಕ ಕಥೆಯನ್ನು ಅವರೇ ಹೇಳಿದರು. ದೇವನಹಳ್ಳಿ ಹತ್ತಿರದ ಒಂದು ದ್ರಾಕ್ಷಿ ತೋಟಕ್ಕೆ ಬೋರ್‌ವೆಲ್ ಮೋಟಾರಿನ ಶಾಫ್ಟು ಸರಿಮಾಡಲು ಹೋಗಿದ್ದರಂತೆ. ಹಣ್ಣಿನ ಕ್ರೇಟು ಪೇರಿಸುವ ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಇದು ಕೂತಿತ್ತು. ಇಂಜಿನ್ನಿನಲ್ಲಿ ಇಲಿ ಗೂಡು, ಸೀಟಿನಲ್ಲಿ ಹುತ್ತ. ತೋಟದ ಯಜಮಾನರ ಅಜ್ಜನ ಕಾಲದ್ದು, ಜಾಗ ಖಾಲಿ ಮಾಡಬೇಕಿತ್ತು. ಸಾಹೇಬರು ಕೂಲಿ ಬೇಡವೆಂದು ಕಾರನ್ನೇ ಕೇಳಿ ತಂದರು. ಅಲ್ಲಿಂದ ಹನ್ನೊಂದು ವರ್ಷ. ಸಿಗದ ಭಾಗಗಳನ್ನು ತಾವೇ ಕಡೆದು ಮಾಡಿಕೊಂಡಿದ್ದರು. ಬ್ರೇಕು, ಗೇರು, ಬಾಗಿಲ ಹಿಡಿಕೆ, ಎಲ್ಲವೂ. ಉಳಿದದ್ದು ದೀಪವೊಂದೇ.

"ಕಬ್ಬಿಣ ಏನು ಹೇಳತ್ತೆ ನಂಗೆ ಅರ್ಥ ಆಗತ್ತಮ್ಮ," ಎಂದರು. "ಈ ಗಾಳಿ ಏನು ಹೇಳತ್ತೆ ಅಂತ ಅರ್ಥ ಆಗಲ್ಲ."

ಇಂಜಿನ್ ಶುರು ಮಾಡಿ ಡ್ಯಾಶ್‌ಬೋರ್ಡಿನ ಒಂದು ಗುಂಡಿಯನ್ನು ಎಳೆದರು. ಎಡಗಡೆಯ ಮುಚ್ಚಳ ಅರ್ಧ ಎದ್ದು ನಡುಗಿತು. ಬಲಗಡೆಯದು ಒಂದು ಬೆರಳಿನಷ್ಟು ಎದ್ದು, ಬೇಡವೆನಿಸಿದಂತೆ ಮತ್ತೆ ಮಲಗಿತು.

ಮನೆಯೊಳಗಿಂದ ಅವರ ಹೆಂಡತಿಯ ದನಿ ಬಂತು: "ಕಣ್ಣು ಹೊಡೀತಾ ಇದೆಯಾ ಇವತ್ತೂನು?"

ನಾನು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡೆ. ನನ್ನ ಕೆಲಸದಲ್ಲಿ ಮೊದಲು ಮಾಡುವುದು ಅದನ್ನೇ. ಇಂಜಿನ್ನಿನ ಸದ್ದಿನ ಕೆಳಗೆ, ಬಲಗಡೆಯಿಂದ, ಬಹಳ ಸಣ್ಣಗೆ ಒಂದು 'ಸ್ಸ್' ಇತ್ತು. ಹಲ್ಲಿನ ಸಂದಿಯಲ್ಲಿ ಉಸಿರು ಎಳೆದುಕೊಂಡ ಹಾಗೆ.

ಇಂಥ ದೀಪಗಳ ವ್ಯವಸ್ಥೆ ಹೀಗಿರುತ್ತದೆ ಎಂದು ಮೊಬೈಲಿನಲ್ಲಿ ನೋಡಿಕೊಂಡು ಹೋಗಿದ್ದೆ. ಇಂಜಿನ್ನು ಓಡುವಾಗ ಉಸಿರೆಳೆದುಕೊಳ್ಳುತ್ತದೆ. ಆ ಎಳೆತವನ್ನು ಒಂದು ಸಣ್ಣ ಕೊಳವೆಯಲ್ಲಿ ಕದ್ದು ತರುತ್ತಾರೆ. ನಡುವೆ ಒಂದು ಒನ್‌ವೇ ವಾಲ್ವು, ಎಳೆದದ್ದು ವಾಪಸು ಬರದ ಹಾಗೆ. ಅಲ್ಲಿಂದ ಒಂದು ಟ್ಯಾಂಕು, ಎಳೆತವನ್ನು ಕೂಡಿಟ್ಟುಕೊಳ್ಳಲು. ಟ್ಯಾಂಕಿನಿಂದ ಡ್ರೈವರ್ ಎಳೆಯುವ ಗುಂಡಿಗೆ, ಗುಂಡಿಯಿಂದ ಕವಲೊಡೆದು ಎರಡು ದೀಪಗಳ ಹಿಂದಿರುವ ಎರಡು ತಗಡಿನ ಡಬ್ಬಿಗಳಿಗೆ. ಡಬ್ಬಿಯ ಒಳಗೆ ಒಂದು ರಬ್ಬರ್ ಪೊರೆ. ಪೊರೆ ಹಿಂದಕ್ಕೆ ಎಳೆಸಿಕೊಂಡರೆ ಅದಕ್ಕೆ ಕಟ್ಟಿದ ಸರಳು ದೀಪವನ್ನು ಎತ್ತುತ್ತದೆ. ಎಳೆತ ಹೋದರೆ ಸ್ಪ್ರಿಂಗು ದೀಪವನ್ನು ಮಲಗಿಸುತ್ತದೆ.

ಎಳೆತ ಅಳೆಯುವ ಮೀಟರು ಹಾಕಿ ನೋಡಿದೆ. ಇಂಜಿನ್ನಿನ ಬಾಯಲ್ಲಿ ಮುಳ್ಳು ಹದಿನೆಂಟಕ್ಕೆ ಹೋಗಿ ಅಲುಗಾಡದೆ ನಿಂತಿತು. ನಾನು ಹಸುವಿಗೆ ಹದಿನೈದಕ್ಕಿಂತ ಜಾಸ್ತಿ ಕೊಡುವುದಿಲ್ಲ. ಅಂದರೆ ಇಂಜಿನ್ನು ಗಟ್ಟಿಯಾಗಿತ್ತು. ಒನ್‌ವೇ ವಾಲ್ವನ್ನು ಬಿಚ್ಚಿ ಬಾಯಿಂದ ಊದಿದೆ, ಎರಡೂ ಕಡೆಯಿಂದ ಸರಾಗವಾಗಿ ಹೋಯಿತು. ಸತ್ತಿತ್ತು. ನನ್ನ ಪೆಟ್ಟಿಗೆಯಲ್ಲಿದ್ದ ಹಾಲಿನ ಯಂತ್ರದ ವಾಲ್ವೊಂದನ್ನು ಅಲ್ಲಿಗೆ ಕೂರಿಸಿದೆ. ಈಗ ಗುಂಡಿ ಎಳೆದರೆ ಎಡದ ದೀಪ ಟಕ್ಕನೆ ಎದ್ದಿತು, ಬಲದ್ದು ಸೋಮಾರಿಯಂತೆ ಅದರ ಹಿಂದೆ. ಸಾಹೇಬರು ಎರಡು ಕೈಯನ್ನೂ ಎದೆಗೆ ಒತ್ತಿಕೊಂಡರು.

"ತಡೀರಿ," ಎಂದೆ. "ಇಂಜಿನ್ ಆಫ್ ಮಾಡಿ."

ಆಫ್ ಮಾಡಿದರು. ನಾನು ಎಣಿಸತೊಡಗಿದೆ. ಇಪ್ಪತ್ತೈದು ಎಣಿಸುವಷ್ಟರಲ್ಲಿ ಎರಡೂ ದೀಪಗಳು ತೂಕಡಿಸಿ ಮಲಗಿದ್ದವು.

ಮಾರನೆಯ ದಿನ ಬಲಗಡೆಯ ಡಬ್ಬಿ ಬಿಚ್ಚಿದೆವು. ಪೊರೆ ಅಂಚಿನಲ್ಲಿ ಹರಿದಿತ್ತು. ಅದು ನಿರೀಕ್ಷಿಸಿದ್ದೇ. ಎಡದ್ದು ಚೆನ್ನಾಗಿದೆಯಲ್ಲ, ಅದು ಎಷ್ಟು ಹಿಡಿಯುತ್ತದೆಂದು ಒಮ್ಮೆ ಅಳೆದುಬಿಡೋಣ ಎಂದುಕೊಂಡೆ. ವ್ಯಾನಿನಲ್ಲಿ ಒಂದು ಹಾಲು ಕರೆಯುವ ಟ್ರಾಲಿ ಇತ್ತು, ಸರ್ವೀಸಿಗೆ ಬಂದದ್ದು. ಅದನ್ನು ಇಳಿಸಿ, ಪಂಪಿನ ಕೊಳವೆಯನ್ನು ಕಾರಿನ ಡಬ್ಬಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಒಬ್ಬಾತ, "ಕಾರು ಎಷ್ಟು ಲೀಟರ್ ಕೊಡತ್ತೆ ಗುರು?" ಎಂದು ಕೂಗಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿನಲ್ಲಿ ಮೀಟರಿನ ಕಡೆ ನೋಡಲಿಲ್ಲ. ಆ ಪಂಪಿನ ರೆಗ್ಯುಲೇಟರನ್ನು ನಾನೇ ಹಿಂದಿನ ದಿನ ತೊಳೆಯಲು ಬಿಚ್ಚಿಟ್ಟಿದ್ದೆ. ಎಳೆತಕ್ಕೆ ಮಿತಿ ಹಾಕುವ ಭಾಗವೇ ಅದು.

ಒಣಗಿದ ಎಲೆ ಮುರಿದಂಥ ಸದ್ದಾಯಿತು. ಎದ್ದು ನಿಂತಿದ್ದ ಎಡದ ದೀಪ ದಬ್ಬನೆ ಬಿತ್ತು.

ಇಡೀ ಕಾರಿನಲ್ಲಿ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದಿದ್ದ, ಅರವತ್ತು ವರ್ಷ ಬಾಳಿದ್ದ ಒಂದು ಪೊರೆಯನ್ನು ನಾನು ಅರೆಕ್ಷಣದಲ್ಲಿ ಹರಿದುಹಾಕಿದ್ದೆ.

ಸುಳ್ಳು ಹೇಳಬಹುದಿತ್ತು. ಹಳೆಯದು, ತಾನಾಗಿಯೇ ಹೋಯಿತು ಎಂದಿದ್ದರೆ ಅವರು ನಂಬುತ್ತಿದ್ದರು. "ಸಾಹೇಬ್ರೆ, ಇದು ನನ್ನಿಂದಾನೇ ಹೋಯ್ತು. ರೆಗ್ಯುಲೇಟರ್ ಹಾಕಿರ್ಲಿಲ್ಲ. ಮರ್ತುಬಿಟ್ಟೆ."

ಅವರು ಡಬ್ಬಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಬೀದಿಯವರು ಒಬ್ಬೊಬ್ಬರಾಗಿ ಸರಿದುಹೋದರು. ಕೊನೆಗೆ, "ನಂಗೆ ಸಿಟ್ಟು ಬಂದಿದೆಯಮ್ಮ," ಎಂದರು ಸಮಾಧಾನವಾಗಿಯೇ. "ಚಾ ಕುಡಿಯೋಣ. ಇಳಿಯತ್ತೆ."

ಒಳಗೆ ಕೂತು ಚಹಾ ಕುಡಿದೆವು. ಸಾಹೇಬರ ಹೆಂಡತಿ ಎರಡು ಹರಿದ ಪೊರೆಗಳನ್ನು ತಟ್ಟೆಯಲ್ಲಿಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ತಂದು, ಬೆರಳಿನಿಂದ ಎಳೆದು ನೋಡುತ್ತಿದ್ದರು. ಸೈಕಲ್ ಟ್ಯೂಬಿನಿಂದ ಮಾಡಬಹುದೇ ಎಂದು ನಾನು ಕೇಳಿದೆ. ಟ್ಯೂಬು ಹಿಗ್ಗುತ್ತದೆ, ಹಿಗ್ಗಿದರೆ ಸರಳನ್ನು ಎಳೆಯುವುದಿಲ್ಲ ಎಂದು ನಾನೇ ಮತ್ತೆ ಹೇಳಿದೆ.

"ಇದ್ರ ಒಳಗೆ ಬಟ್ಟೆ ಇದೆ," ಎಂದರು ಹೆಂಡತಿ. "ರಬ್ಬರ್ ಮಧ್ಯೆ ನೋಡು, ಎಳೆ ಕಾಣತ್ತೆ. ನಮ್ ಶೀಟ್ ಇದ್ದಂಗೇ ಇದೆ."

"ಯಾವ ಶೀಟು?"

ಎದ್ದು ಹೋಗಿ ಟ್ರಂಕು ತೆರೆದು ಕಾಗದದಲ್ಲಿ ಸುತ್ತಿದ ಒಂದು ಹೊಸ ರಬ್ಬರ್ ಶೀಟು ತಂದರು. ಮಗಳಿಗೆ ಎರಡು ತಿಂಗಳಲ್ಲಿ ಹೆರಿಗೆ. ಕೂಸಿನ ಕೆಳಗೆ ಹಾಸಲು ಮೆಡಿಕಲ್ ಅಂಗಡಿಯಿಂದ ತಂದಿಟ್ಟದ್ದು. ಗಾಢ ಕೆಂಪು ಬಣ್ಣ, ನಡುವೆ ಬಟ್ಟೆ, ಎರಡೂ ಬದಿಗೆ ತೆಳ್ಳನೆಯ ರಬ್ಬರು. ನಾನು ಎಳೆದು ನೋಡಿದೆ. ಹಿಗ್ಗಲಿಲ್ಲ. ಬಾಯಿಗಿಟ್ಟು ಊದಿದೆ. ಉಸಿರು ದಾಟಲಿಲ್ಲ.

"ಮೂಲೇಲಿ ಕತ್ತರಿಸ್ಕೋ. ಮಗು ಏನು ಮೂಲೆಗೆ ಹೋಗಿ ಮಲಗತ್ತಾ?" ಎಂದರು.

ಸಾಹೇಬರ ಸಿಟ್ಟು ಇಳಿದದ್ದು ಆಗ ಎಂದು ನನ್ನ ಊಹೆ. ಕತ್ತರಿಯನ್ನು ಅವರೇ ತಂದುಕೊಟ್ಟರು. ಹೆಂಡತಿ ಹಳೆಯ ಪೊರೆಯನ್ನು ಶೀಟಿನ ಮೇಲಿಟ್ಟು, ಬ್ಲೌಸಿನ ಅಳತೆ ಗುರುತಿಸುವ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದು, ಎರಡು ವೃತ್ತ ಕತ್ತರಿಸಿದರು. ಅವರ ಕೈ ಎಲ್ಲೂ ತಡೆಯಲಿಲ್ಲ. ನಾನು ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ ವೃತ್ತಗಳನ್ನು ಸಾವಿರಗಟ್ಟಲೆ ನೋಡಿದ್ದೇನೆ. ಇವು ಅವಕ್ಕಿಂತ ಕಡಿಮೆಯಿರಲಿಲ್ಲ.

ಮೂರು ದಿನ ಬಿಟ್ಟು ಹೋದೆ. ಅಷ್ಟರಲ್ಲಿ ಸಾಹೇಬರು ಡಬ್ಬಿಗಳ ಅಂಚನ್ನು ಒಪ್ಪಮಾಡಿ, ಪೊರೆಯನ್ನು ಬಿಗಿಯುವ ಹೊಸ ಬಳೆಗಳನ್ನು ಕಡೆದಿಟ್ಟಿದ್ದರು. ಕೂರಿಸಿದೆವು. ಈ ಸಲ ರೆಗ್ಯುಲೇಟರು ಹಾಕಿ, ಮುಳ್ಳಿನಿಂದ ಕಣ್ಣು ತೆಗೆಯದೆ, ಒಂದೊಂದೇ ಡಬ್ಬಿಯನ್ನು ಅಳೆದೆ. ಎರಡೂ ಕಲ್ಲಿನಂತೆ ಹಿಡಿದವು. ಇಂಜಿನ್ ಹಚ್ಚಿ ಗುಂಡಿ ಎಳೆದರು. ಎರಡು ದೀಪಗಳೂ ಒಟ್ಟಿಗೆ ಎದ್ದವು. ಇಂಜಿನ್ ನಿಲ್ಲಿಸಿದೆವು. ದೀಪ ನಿಂತೇ ಇತ್ತು. ಚಹಾ ಬಂತು, ಕುಡಿದೆವು. ನಿಂತೇ ಇತ್ತು. ಲೋಟ ಒಳಗೆ ಕೊಟ್ಟು ಬಂದು ನೋಡಿದರೆ ಎರಡೂ ಅರ್ಧಕ್ಕೆ ಇಳಿದಿದ್ದವು.

"ಇನ್ನೂ ಎಲ್ಲೋ ಗಾಳಿ ಕುಡೀತಿದೆ," ಎಂದೆ.

ಮೇಲಿನಿಂದ ಕೈಗೆ ಸಿಗುವ ಕೊಳವೆಗಳನ್ನೆಲ್ಲ ಹೊಸದಾಗಿ ಹಾಕಿದ್ದೆ. ಗುಂಡಿಯನ್ನೂ ಅಳೆದಾಗಿತ್ತು. ಉಳಿದದ್ದು ಟ್ಯಾಂಕು. ಆದರೆ ಟ್ಯಾಂಕು ಎಲ್ಲಿದೆ? ಹನ್ನೊಂದು ವರ್ಷದಲ್ಲಿ ಸಾಹೇಬರು ಅಂಥದ್ದೊಂದನ್ನು ಕಂಡೇ ಇರಲಿಲ್ಲ. ನಾನು ಮೊಬೈಲಿನಲ್ಲಿ ನೋಡಿದ ವಿಡಿಯೊಗಳಲ್ಲಿ ಬೇರೆ ಬೇರೆ ಕಾರುಗಳಿದ್ದವು, ಅವುಗಳಲ್ಲಿ ಚೆಂಡಿನಂಥದ್ದೋ ಡಬ್ಬದಂಥದ್ದೋ ಒಂದು ಟ್ಯಾಂಕು ಎದುರಿಗೇ ಕಾಣುತ್ತಿತ್ತು. ಇಲ್ಲಿ ಅಂಥ ಯಾವ ಡಬ್ಬವೂ ಇರಲಿಲ್ಲ.

"ಯಾರೋ ಬಿಚ್ಚಿ ಮಾರ್ಕೊಂಡಿರ್ಬೇಕು," ಎಂದರು ಸಾಹೇಬರು.

"ಬಿಚ್ಚಿದ್ರೆ ದೀಪ ಇಷ್ಟು ಹೊತ್ತು ನಿಲ್ತಿರ್ಲಿಲ್ಲ. ಎಲ್ಲೋ ಇದೆ."

ನಾನು ಕಾರಿನ ಕೆಳಗೆ ಗೋಣಿಚೀಲ ಹಾಸಿ ಮಲಗಿದೆ. ಕೊಳವೆಯನ್ನು ಬೆರಳಿನಲ್ಲೇ ಹಿಂಬಾಲಿಸಿಕೊಂಡು ಹೋದೆ. ವಾಲ್ವಿನಿಂದ ಕೆಳಗೆ, ರೇಡಿಯೇಟರಿನ ಹಿಂದೆ, ಅಲ್ಲಿಂದ ಮುಂದಿನ ಎರಡು ಚಕ್ರಗಳ ನಡುವೆ ಅಡ್ಡಲಾಗಿ ಕೂತ ದಪ್ಪ ಕಬ್ಬಿಣದ ತೊಲೆಯ ತನಕ. ಅಲ್ಲಿ ಕೊಳವೆ ಮುಗಿದುಹೋಯಿತು. ತೊಲೆಗೆ ಬೆಸೆದ ಬೆರಳುದ್ದದ ಒಂದು ನಳಿಕೆಗೆ ಅದನ್ನು ಸಿಕ್ಕಿಸಲಾಗಿತ್ತು. ಸ್ವಲ್ಪ ಆಚೆಗೆ ಇನ್ನೊಂದು ನಳಿಕೆ. ಅಲ್ಲಿಂದ ಕೊಳವೆ ಮತ್ತೆ ಮೇಲಕ್ಕೆ ಗುಂಡಿಯ ಕಡೆಗೆ ಹೋಗಿತ್ತು.

ಸ್ಪ್ಯಾನರಿನ ಹಿಂಬದಿಯಿಂದ ತೊಲೆಯನ್ನು ತಟ್ಟಿದೆ. ಟಣ್ ಎಂದಿತು. ಒಳಗೆ ಟೊಳ್ಳು.

ಟ್ಯಾಂಕು ಕಳೆದುಹೋಗಿರಲಿಲ್ಲ. ಇಡೀ ಕಾರಿನ ಮುಂಭಾಗವನ್ನು ಹೊತ್ತು ನಿಂತಿದ್ದ ಆ ತೊಲೆಯೇ ಟ್ಯಾಂಕು. ಎರಡೂ ತುದಿಗೆ ತಗಡು ಬೆಸೆದು ಮುಚ್ಚಿದ್ದರು. ಭಾರ ಹೊರುವ ಎಲುಬಿನೊಳಗೆ ಖಾಲಿ ಜಾಗ ಹೇಗೂ ಇರುತ್ತದಲ್ಲ, ಆ ಖಾಲಿಯನ್ನೇ ಕೂಡಿಟ್ಟುಕೊಂಡರಾಯಿತು ಎಂದು ಯಾರಿಗೋ ಹೊಳೆದಿತ್ತು. ಎಲ್ಲೋ ದೂರದ ದೇಶದಲ್ಲಿ, ನಾನು ಹುಟ್ಟುವ ಮೊದಲೇ, ನನ್ನಂತೆಯೇ ಗಾಳಿಯ ಜೊತೆ ಕೆಲಸ ಮಾಡುತ್ತಿದ್ದ ಯಾರೋ ಒಬ್ಬರಿಗೆ. ಕಾರ್ಖಾನೆಯಲ್ಲಿದ್ದಾಗ ಮೇಲಿನವರು ಗೆರೆ ಹಾಕಿ ಕಳಿಸಿದ್ದನ್ನು ನಾವು ಪ್ರಶ್ನಿಸದೆ ಮಾಡುತ್ತಿದ್ದೆವು. ಆ ಗೆರೆಯ ಹಿಂದೆ ಒಂದು ತಲೆ ಇದೆ, ಅದು ಒಂದು ದಿನ ಕೂತು ಹೀಗೆ ಯೋಚಿಸಿರುತ್ತದೆ ಎಂದು ನನಗೆ ನಿಜವಾಗಿ ತಿಳಿದದ್ದು ಆ ಗೋಣಿಚೀಲದ ಮೇಲೆ.

"ಸಾಹೇಬ್ರೆ, ಕೆಳಗೆ ಬನ್ನಿ."

ಎಪ್ಪತ್ತರ ಆ ಮನುಷ್ಯ ಮೊಣಕಾಲು ಹಿಡಿದುಕೊಂಡು ಬಗ್ಗಿ, ನನ್ನ ಪಕ್ಕಕ್ಕೆ ತೆವಳಿಕೊಂಡು ಬಂದರು. ತೊಲೆ ತೋರಿಸಿದೆ. ತಟ್ಟಿ ಕೇಳಿಸಿದೆ. ಅವರು ಅಂಗೈಯನ್ನು ಅದರ ಮೇಲಿಟ್ಟರು.

"ಇದಕ್ಕೆ ನಾನು ಮೂರು ಸಲ ಬಣ್ಣ ಹೊಡ್ದಿದೀನಿ," ಎಂದರು. "ಮೂರು ಸಲ. ಒಂದ್ಸಲಾನೂ ಹೇಳ್ಲಿಲ್ಲ ನೋಡು, ತಾನು ಯಾರು ಅಂತ."

ಇನ್ನು ತೂತು ಹುಡುಕಬೇಕಿತ್ತು. ಒಳಗಿನಿಂದ ಗಾಳಿ ಹೊರಬರುವುದಾದರೆ ಸೋಪಿನ ನೀರು ಸಾಕು, ಗುಳ್ಳೆ ಹೇಳುತ್ತದೆ. ಇದು ಒಳಕ್ಕೆ ಎಳೆಯುವ ತೂತು. ಗಾಳಿ ಒಳಗೆ ಹೋಗುವುದನ್ನು ಯಾರು ನೋಡಿದ್ದಾರೆ? ದೊಡ್ಡ ಕೊಟ್ಟಿಗೆಗಳ ಉದ್ದದ ಪೈಪುಗಳಿಗೆ ನಾನು ಊದುಬತ್ತಿ ಬಳಸುತ್ತೇನೆ. ಕೇಳಿದಾಗ ಹೆಂಡತಿ ಒಂದು ಕಟ್ಟು ತಂದುಕೊಟ್ಟರು. ಪೆಟ್ರೋಲ್ ಟ್ಯಾಂಕು ಹಿಂದಿತ್ತು. ಆದರೂ ಸಾಹೇಬರು ಅದನ್ನು ಪೂರ್ತಿ ಬಸಿದು, ಕ್ಯಾನನ್ನು ಬೀದಿಯಾಚೆ ಇಟ್ಟು, ಬ್ಯಾಟರಿ ಬಿಚ್ಚಿ, ಶೆಡ್ಡಿನ ಎರಡೂ ಬಾಗಿಲು ತೆರೆದಿಟ್ಟು ವಾಸನೆ ಪೂರ್ತಿ ಹೋಗುವ ತನಕ ಕಾಯಿಸಿದ ಮೇಲೆಯೇ ಕಡ್ಡಿ ಗೀರಲು ಬಿಟ್ಟರು. ಆಮೇಲೆ ಗಾಳಿ ಆಡದ ಹಾಗೆ ಬಾಗಿಲು ಮುಚ್ಚಿದೆವು.

ಪಂಪನ್ನು ತೊಲೆಗೆ ಸೇರಿಸಿ ಚಾಲೂ ಮಾಡಿ, ಮೀಟರಿನ ಮುಳ್ಳನ್ನು ಹದಿನೈದಕ್ಕೆ ನಿಲ್ಲಿಸಿದೆ. ಊದುಬತ್ತಿಯನ್ನು ತೊಲೆಯ ಅಂಚಿನುದ್ದಕ್ಕೂ ಬಹಳ ನಿಧಾನವಾಗಿ ಸರಿಸಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿತ್ತು. ಎಡತುದಿ ಮುಗಿಯಿತು. ನಡುಭಾಗ ಮುಗಿಯಿತು. ಬಲತುದಿಯ ಬೆಸುಗೆಯ ಹತ್ತಿರ ಬಂದಾಗ ಹೊಗೆಯ ಎಳೆ ತಟ್ಟನೆ ಅಡ್ಡಕ್ಕೆ ಬಾಗಿತು. ಯಾರೋ ಹೆಸರು ಹಿಡಿದು ಕರೆದ ಹಾಗೆ. ಬಾಗಿ, ಸೂಜಿಯಷ್ಟು ತೆಳ್ಳಗಾಗಿ, ಕಬ್ಬಿಣದೊಳಕ್ಕೆ ಹೋಗಿಬಿಟ್ಟಿತು. ಅಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಣ್ಣ ನುಣ್ಣಗಿತ್ತು. ಆದರೆ ಹೊಗೆ ಹೋಗುತ್ತಲೇ ಇತ್ತು.

ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದ ಸಾಹೇಬರ ಹೆಂಡತಿ ಪಿಸುಗುಟ್ಟಿದರು: "ಯಾ ಅಲ್ಲಾ, ಕುಡೀತಾ ಇದೆ."

ಬಣ್ಣ ಕೆರೆದರೆ ಬೆಸುಗೆಯ ಅಂಚಿನಲ್ಲಿ ಸಾಸಿವೆಯ ಕಾಲುಭಾಗದಷ್ಟು ತುಕ್ಕಿನ ಚುಕ್ಕೆ. ಸಾಹೇಬರು ಸುತ್ತಲೂ ಸುತ್ತಿಗೆಯಿಂದ ತಟ್ಟಿ ನೋಡಿದರು. ಉಳಿದ ಕಬ್ಬಿಣ ಗಟ್ಟಿಯಾಗಿದೆ, ಭಾರಕ್ಕೆ ತೊಂದರೆಯಿಲ್ಲ ಎಂದರು. ನಾನು ಎರಡು ಟ್ಯೂಬಿನ ಲೋಹದ ಅಂಟನ್ನು ಕಲಸಿದೆ. ಪಂಪನ್ನು ನಿಲ್ಲಿಸದೆಯೇ ಅಂಟನ್ನು ಆ ಚುಕ್ಕೆಯ ಮೇಲಿಟ್ಟೆ. ತೂತು ತಾನೇ ಅದನ್ನು ಒಳಕ್ಕೆ ಎಳೆದುಕೊಂಡಿತು. ಮೇಲೆ ಒಂದು ಸಣ್ಣ ಗುಳಿ ಬಿತ್ತು. ಮತ್ತೊಂದು ತೊಟ್ಟು ಇಟ್ಟೆ. ಅದನ್ನೂ ಎಳೆದುಕೊಂಡಿತು. ಮೂರನೆಯದು ಹಾಗೆಯೇ ನಿಂತಿತು. ಅದುವರೆಗೆ ಸಣ್ಣಗೆ ನಡುಗುತ್ತಿದ್ದ ಮೀಟರಿನ ಮುಳ್ಳು ನಿಶ್ಚಲವಾಯಿತು.

ಅಂಟು ಒಣಗಲು ಎರಡು ದಿನ ಬಿಟ್ಟೆವು. ಆಮೇಲೆ ಒಂದು ಸಂಜೆ ಪೆಟ್ರೋಲು ತುಂಬಿ, ಹತ್ತು ನಿಮಿಷ ಇಂಜಿನ್ ಓಡಿಸಿ, ಆಫ್ ಮಾಡಿದೆವು. ದೀಪ ಎತ್ತಲಿಲ್ಲ. "ನಾಳೆ ಬೆಳಿಗ್ಗೆ ಬರ್ತೀನಿ. ಅಲ್ಲೀವರ್ಗೂ ಯಾರೂ ಮುಟ್ಬೇಡಿ," ಎಂದು ಹೇಳಿ ಹೋದೆ.

ಡಿಸೆಂಬರಿನ ಕೊನೆ. ಬೆಳಿಗ್ಗೆ ಆರೂವರೆಗೆ ಹೋದರೆ ಬೀದಿಯ ತುದಿ ಕಾಣದಷ್ಟು ಮಂಜು. ಗಂಡ ಹೆಂಡತಿ ಇಬ್ಬರೂ ಶಾಲು ಹೊದ್ದು ಶೆಡ್ಡಿನಲ್ಲಿ ನಿಂತಿದ್ದರು. ಬಾನೆಟ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು.

"ಇಂಜಿನ್ ಹಚ್ಚೋದಾ?" ಎಂದರು ಸಾಹೇಬರು.

"ಬೇಡ. ಬರೀ ಗುಂಡಿ ಎಳೀರಿ."

ಅವರು ಬಾಗಿಲು ತೆರೆದು ಕೈ ಮಾತ್ರ ಒಳಗೆ ಚಾಚಿ ಎಳೆದರು. ಇಂಜಿನ್ನಿನ ಸದ್ದಿಲ್ಲ, ಮೋಟಾರಿನ ಸದ್ದಿಲ್ಲ. ಬರೀ ಒಂದು ನಿಟ್ಟುಸಿರು. ಎರಡು ರೆಪ್ಪೆಗಳು ಒಟ್ಟಿಗೆ ಎದ್ದು ಪೂರ್ತಿ ತೆರೆದು ನಿಂತವು. ರಾತ್ರಿಯೆಲ್ಲ ಆ ತೊಲೆ ತನ್ನೊಳಗಿನ ಖಾಲಿಯನ್ನು ಒಂದು ಚೂರೂ ಚೆಲ್ಲದೆ ಕಾದಿಟ್ಟುಕೊಂಡಿತ್ತು. ಅವರು ಗುಂಡಿ ಒತ್ತಿದರು, ಮಲಗಿದವು. ಮತ್ತೆ ಎಳೆದರು, ಎದ್ದವು. ಮೂರನೆಯ ಸಲವೂ ಎದ್ದವು, ತುಸು ನಿಧಾನವಾಗಿ.

ನಾನು ಹದಿನಾಲ್ಕು ವರ್ಷ ದಿನಾ ಮುಟ್ಟಿದ್ದ ವಸ್ತು ಅದು. ವಸ್ತು ಎನ್ನಬಹುದೋ ಇಲ್ಲವೋ. ಅದಕ್ಕೆ ತೂಕವಿಲ್ಲ, ಬಣ್ಣವಿಲ್ಲ. ಕೊಳವೆಯೊಳಗೆ ಏನಿದೆ ಎಂದು ಯಾರಾದರೂ ಕೇಳಿದರೆ ಏನೂ ಇಲ್ಲ ಎಂದೇ ಹೇಳಬೇಕು. ಆ ಏನೂ ಇಲ್ಲದ್ದು ನನ್ನ ಕಣ್ಣೆದುರಿಗೆ, ನಿಂತ ಕಾರಿನಲ್ಲಿ, ಎರಡು ದೀಪಗಳನ್ನು ಎತ್ತಿ ಹಿಡಿದಿತ್ತು.

"ಒಂದು ರೌಂಡು ಹೋಗೋಣ," ಎಂದರು ಸಾಹೇಬರು. ಎರಡೇ ಸೀಟು. ನಾನು ಹೆಂಡತಿಯ ಕಡೆ ನೋಡಿದೆ. "ನೀನೇ ಹೋಗಮ್ಮ," ಎಂದರು. "ಅಷ್ಟು ಕೆಳಗೆ ಕೂತ್ರೆ ನಂಗೆ ಎದ್ದೇಳೋಕಾಗಲ್ಲ. ಅದಕ್ಕೂ ನೀನು ವ್ಯಾಕ್ಯೂಮ್ ಹಾಕ್ಬೇಕಾಗತ್ತೆ."

ಕೆರೆಯ ಏರಿಯ ಕಡೆ ಹೋದೆವು. ರಸ್ತೆ ಬೆನ್ನಿಗೇ ತಾಗುತ್ತಿದೆಯೇನೋ ಎನ್ನುವಷ್ಟು ಕೆಳಗೆ ಕೂತಿದ್ದೆ. ಏರಿಯ ಮೇಲೆ ಮಂಜು ಬಿಟ್ಟರೆ ಏನೂ ಇರಲಿಲ್ಲ. ನನ್ನನ್ನು ಒಂದು ಕಡೆ ಇಳಿಸಿ, "ಇಲ್ಲೇ ನಿಂತ್ಕೊಂಡು ನೋಡು. ಹೇಳು ಹೆಂಗಿದೆ ಅಂತ," ಎಂದು ಹೇಳಿ ವಾಪಸು ಮಂಜಿನೊಳಕ್ಕೆ ಹೋದರು. ಇಂಜಿನ್ನಿನ ಸದ್ದು ದೂರವಾಗಿ, ತಿರುಗಿ, ಹತ್ತಿರವಾಯಿತು. ಮೊದಲು ಬರೀ ಬಿಳುಪು. ಆಮೇಲೆ ಆ ಬಿಳುಪಿನ ತಳದಿಂದ, ನೆಲದ ಹತ್ತಿರದಿಂದ, ಎರಡು ಬೆಳಕುಗಳು ಮೇಲಕ್ಕೆ ಎದ್ದವು. ಎದ್ದು ನೇರ ನನ್ನನ್ನೇ ನೋಡಿದವು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಕಾರು ಪಕ್ಕಕ್ಕೆ ಬಂದು ನಿಂತಿತು. "ಹೆಂಗಿತ್ತು?"

ಹೇಳಲು ಹೋದೆ. ಬದಲಿಗೆ ಅವರ ಕಡೆಯ ಬಾಗಿಲು ತೆರೆದೆ. "ನೀವು ನೋಡೇ ಇಲ್ವಲ್ಲ ಸಾಹೇಬ್ರೆ," ಎಂದೆ. "ಹನ್ನೊಂದು ವರ್ಷದಿಂದ ಒಂದ್ಸಲಾನೂ ಎದುರಿಂದ ನೋಡಿಲ್ಲ. ಇಳೀರಿ. ನಾನು ಓಡಿಸ್ತೀನಿ."

"ನಿಂಗೆ ಬರತ್ತಾ?"

"ಓಮ್ನಿ ಓಡಿಸ್ತೀನಲ್ಲ."

ಅವರು ನನ್ನನ್ನೂ ಕಾರನ್ನೂ ಎರಡೆರಡು ಸಲ ನೋಡಿ ಇಳಿದರು. ನಾನು ಓಮ್ನಿಯ ಎತ್ತರದಿಂದ ಒಮ್ಮೆಗೇ ನೆಲಕ್ಕೆ ಬಿದ್ದವಳಂತೆ ಸ್ಟಿಯರಿಂಗ್ ಹಿಂದೆ ಕೂತೆ. ಎರಡು ಸಲ ಇಂಜಿನ್ ಆಫ್ ಆಯಿತು. ಏರಿಯ ತುದಿಯ ತನಕ ಮೊದಲ ಗೇರಿನಲ್ಲೇ ಹೋಗಿ, ಬೆವರುತ್ತಾ ತಿರುಗಿಸಿಕೊಂಡೆ. ಎದುರಿಗೆ ಅವರು ಕಾಣುತ್ತಿರಲಿಲ್ಲ. ಅಂದಾಜಿನ ಮೇಲೆ ನಿಧಾನವಾಗಿ ಮುಂದಕ್ಕೆ ಬಿಟ್ಟು ಗುಂಡಿ ಎಳೆದೆ. ಬಾನೆಟ್ಟಿನಾಚೆ ಎರಡು ಉಬ್ಬುಗಳು ಎದ್ದವು, ಬೆಳಕು ಮುಂದಕ್ಕೆ ಹೋಗಿ ಮಂಜಿನಲ್ಲಿ ಒಬ್ಬ ತೆಳ್ಳನೆಯ ಮನುಷ್ಯನನ್ನು ಮುಟ್ಟಿತು.

ಅವರು ಕೈ ಬೀಸಲಿಲ್ಲ, ಪಕ್ಕಕ್ಕೂ ಸರಿಯಲಿಲ್ಲ. ಶಾಲು ಒಂದು ಭುಜದಿಂದ ಜಾರಿದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಹತ್ತು ಹೆಜ್ಜೆ ದೂರದಲ್ಲಿ ಬ್ರೇಕು ಹಾಕಿ ನಿಲ್ಲಿಸಿದೆ. ಬಹಳ ಹೊತ್ತಿನ ಮೇಲೆ ಅವರು ಬೆರಳೆತ್ತಿ ತೋರಿಸಿದರು, ಇನ್ನೊಂದು ಸಲ ಎಂದು. ನಾನು ರಿವರ್ಸ್ ಗೇರು ಹುಡುಕತೊಡಗಿದೆ.